ಅರ್ಧ ಸಾನ್ನ

ನಮ್ಮ ಫಾದರಿಗೆ ಮೂರು ಚರ್ಚು. ಬೆಳ್ಳಾರೆ ಕಡೆಯದ್ದರಲ್ಲಿ ಬೆಳಗಿನ ಪೂಜೆ ಮುಗಿಸಿ, ಕಡಬದ ಕಡೆಯದ್ದಕ್ಕೆ ಓಡಿ, ಕೊನೆಗೆ ಗುಂಡ್ಯದ ಹತ್ತಿರದ ನಮ್ಮ ಪುಟ್ಟ ಚರ್ಚಿಗೆ ಬರುವಾಗ ಬೈಕಿಗೂ ಅವರಿಗೂ ಒಟ್ಟಿಗೇ ಏದುಸಿರು. ಪೂಜೆಯ ನಂತರ ಅವರಿಗೆ ತಿಂಡಿ ಕೊಡುವುದು ಭಾನುವಾರಕ್ಕೊಂದು ಮನೆಯ ಸರದಿ. ಮೂರೂ ಊರಲ್ಲಿ ಇದೇ ಕ್ರಮ. ಹಾಗಾಗಿ ನಮಗೆ ಸಿಗುವುದು ಆಗಲೇ ಎರಡು ತಿಂಡಿ ತಿಂದ ಫಾದರ್.

ಒಂದು ವರ್ಷ ನಮ್ಮ ಸರದಿಗೆ ಅಮ್ಮ ಕಳ್ಳು ಹಾಕಿ ಉಬ್ಬಿಸಿದ, ಇಡ್ಲಿಯಂಥ ಅಕ್ಕಿ ಸಾನ್ನ, ಹಂದಿ ಮಾಂಸದ ಸಾರು ಮಾಡಿದ್ದರು. ಫಾದರ್ ಅರ್ಧ ಸಾನ್ನ ಮುರಿದು ತಿಂದು, "ಲಾಯ್ಕ ಆಗಿದೆ ಬಾಯಿ" ಎಂದು ಕೈ ತೊಳೆದರು. ನಮ್ಮಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆಯೇ, ಬಾಯಿ ಎಂದು. ಉಳಿದ ಅರ್ಧವನ್ನು ನೋಡಿ ಅಮ್ಮ ಅತ್ತೇಬಿಟ್ಟರು. ಸ್ವರ್ಗ ತಪ್ಪಿದರೂ ಅವರಿಗೆ ಚಿಂತೆಯಿಲ್ಲ, ತಟ್ಟೆಯಲ್ಲಿ ಉಳಿಯಬಾರದು ಅಷ್ಟೆ.

ಮರುವರ್ಷ ಸರದಿಯ ಹಿಂದಿನ ದಿನ ಬೆಳ್ಳಾರೆ ಕಡೆಯ ದೊಡ್ಡಮ್ಮನಿಗೆ ಅಮ್ಮನ ಫೋನ್ ಹೋಯಿತು. "ಅಕ್ಕಾ, ಫಾದರಿಗೆ ಶುಗರ್ ಉಂಟಂತೆ. ತಿಂಡಿಗಿಂಡಿ ಕೊಡುದು ಬೇಡ. ಯಾರಿಗೂ ಹೇಳ್ಬೇಡಿ." ಯಾರಿಗೂ ಹೇಳಬೇಡಿ ಎಂದರೆ ನಮ್ಮ ದೊಡ್ಡಮ್ಮನಿಗೆ ಮೈಕೂ ಬೇಕಾಗಿಲ್ಲ. ಎರಡೂ ಊರಲ್ಲಿ ಬರೀ ಮೆಂತೆ ನೀರು ಕುಡಿದು ಬಂದ ಫಾದರ್ ನಮ್ಮ ಮನೆಯ ಪಾತ್ರೆಯ ತಳ ಕಾಣಿಸಿದರು. ಅಮ್ಮನ ಕಾಲು ನೆಲದ ಮೇಲಿರಲಿಲ್ಲ.

ಆದರೆ ಶುಗರ್ ಸುದ್ದಿ ಊರೂರು ಸುತ್ತಿ ಮೇಲಿನವರ ಕಿವಿಗೂ ಬಿತ್ತು. ಫಾದರ್ ಇಲ್ಲವೆಂದರೆ, ಮುಚ್ಚಿಡುತ್ತಿದ್ದಾರೆ ಎಂದರು ಎಲ್ಲರೂ. ಕಾಯಿಲೆಯ ಫಾದರಿಗೆ ಈ ಓಡಾಟ ಬೇಡ, ಪೇಟೆಗೆ ಕರೆಸಿಕೊಳ್ಳುತ್ತಾರಂತೆ. ಬದಲಿಗೆ ಕಳಿಸಲು ಇನ್ನೊಬ್ಬರಿಲ್ಲವಂತೆ. ಅಂದರೆ ನಮ್ಮ ಚರ್ಚಿಗೆ ಬೀಗ. "ನಾನು ಸತ್ರೆ ಮಣ್ಣು ಮಾಡ್ಲಿಕ್ಕೆ ಯಾರುಂಟು ಮಾರಾಯ್ತಿ?" ಎಂದು ನೆರೆಮನೆಯ ಅಜ್ಜಿ ಬಂದು ಅಮ್ಮನನ್ನೇ ಕೇಳಿದರು. ಅಮ್ಮನಿಗೆ ಆ ದಿನ ಊಟ ಸೇರಲಿಲ್ಲ.

ಪಾಪನಿವೇದನೆ ಮಾಡಲೇಬೇಕು. ಆದರೆ ಇರುವ ಒಬ್ಬರೇ ಫಾದರ್ ಹತ್ತಿರ ಅವರದೇ ಶುಗರಿನ ಸುಳ್ಳನ್ನು ಒಪ್ಪಿಕೊಳ್ಳುವುದು ಹೇಗೆ? ಅಮ್ಮ ಬಸ್ಸು ಹತ್ತಿ, ಪುತ್ತೂರಿನಾಚೆಯ ಗುರುತಿಲ್ಲದ ಚರ್ಚೊಂದಕ್ಕೆ ಹೋಗಿ, ಜಾಲರಿಯ ಮುಂದೆ ಮಂಡಿಯೂರಿ ಎಲ್ಲವನ್ನೂ ಹೇಳಿದರು. ಆಚೆಯಿಂದ ಪರಿಚಯದ ಸ್ವರ: "ಆ ಮೆಂತೆ ನೀರು ಕುಡಿಸಿದ್ದು ನೀವಾ ಬಾಯಿ?" ಅಲ್ಲಿಯ ಫಾದರ್ ರಜೆಯಲ್ಲಿದ್ದರು. ಬದಲಿಗೆ ಬಂದು ಕೂತವರು ನಮ್ಮವರೇ!

ಇದನ್ನೆಲ್ಲ ಅಮ್ಮನೇ ಬಂದು ಹೇಳಿದ್ದು. ಫಾದರ್ ಪಾಪನಿವೇದನೆಯ ಮಾತನ್ನು ಹೊರಗೆ ಆಡುವಂತಿಲ್ಲ. ಸುಳ್ಳು ಹೋದ ದಾರಿಯಲ್ಲೇ ನಿಜವನ್ನೂ ಕಳಿಸಬೇಕು ಎಂಬುದು ಅವರು ಕೊಟ್ಟ ಪ್ರಾಯಶ್ಚಿತ್ತ. ಶುಗರೂ ಇಲ್ಲ ಎಂಥದೂ ಇಲ್ಲ, ನಾನೇ ಸುಳ್ಳು ಹೇಳಿದ್ದು ಎಂದು ಅಮ್ಮ ಫೋನ್ ಮಾಡಿದರೆ, "ಪಾಪ, ಫಾದರೇ ಹೇಳಿಸಿದ್ದಾ?" ಎಂದರು ದೊಡ್ಡಮ್ಮ. ಸುಳ್ಳನ್ನು ಥಟ್ಟನೆ ನಂಬಿದವರಿಗೆ ನಿಜದ ಮೇಲೆ ಎಷ್ಟೊಂದು ಅನುಮಾನ!

ಮುಂದಿನ ಭಾನುವಾರ ಅಮ್ಮ ಸಾನ್ನದ ಪಾತ್ರೆ ಅಪ್ಪಿಕೊಂಡು, ನನ್ನ ಸ್ಕೂಟರಿನಲ್ಲಿ, ಫಾದರ್ ಹಿಂದೆಯೇ ಮೂರೂ ಚರ್ಚಿಗೆ ಬಂದರು. ಮೊದಲ ಎರಡು ಕಡೆ ಫಾದರ್ ಜನರೆದುರೇ, ಬೆಲ್ಲ ಹಾಕಿದ ಕಾಯಿಹಾಲಿನಲ್ಲಿ ಅದ್ದಿ ಅದ್ದಿ ತಿಂದರು. "ಇದು ಶುಗರಿನ ಹೊಟ್ಟೆ ಅಲ್ಲವೇ ಅಲ್ಲ" ಎಂದ ದೊಡ್ಡಮ್ಮ ಆ ಸುದ್ದಿಯನ್ನೂ ಸಂಜೆಯೊಳಗೆ ಊರಿಗೆಲ್ಲ ಹಂಚಿದರು. ಅದೂ ಮೇಲಕ್ಕೆ ಮುಟ್ಟಿ, ಫಾದರ್ ಪೇಟೆಗೆ ಹೋಗುವುದು ತಪ್ಪಿತು.

ಆ ದಿನ ನಮ್ಮ ಚರ್ಚಿಗೆ ಬರುವಾಗ ಮಾತ್ರ ಫಾದರ್ ಹೊಟ್ಟೆ ತುಂಬಿತ್ತು. ಅರ್ಧ ಸಾನ್ನ ಮುರಿದು ತಿಂದು, "ಲಾಯ್ಕ ಆಗಿದೆ ಬಾಯಿ" ಎಂದು ಕೈ ತೊಳೆದರು.

ಅಮ್ಮ ಉಳಿದರ್ಧವನ್ನು ತಾವೇ ತಿಂದು, "ನೀವು ತಿನ್ನದಿದ್ರೂ ಅಡ್ಡಿಲ್ಲ ಫಾದರ್, ಬಂದ್ರೆ ಸಾಕು" ಎಂದರು.