ದಸ್ತಗೀರ ಸಾಹೇಬರ ಮನಿಗಾಡಿ

ಕರ್ಮವನ್ನು ಗೆದ್ದ ಜಿನರಿಗೆ ಮೊದಲ ವಂದನೆ. ಕೈಹಿಡಿದು ಅಕ್ಷರ ತಿದ್ದಿಸಿದ ಗುರುಗಳಿಗೆ ಅದರ ಬೆನ್ನಿಗೇ ಇನ್ನೊಂದು. ಬಾಯಾರಿದವನ ಕುಲ ಕೇಳದ ನೀರಿಗೂ, ಹೊತ್ತ ಭಾರದ ಬಗ್ಗೆ ಗೊಣಗದ ದಾರಿಗೂ ನನ್ನ ಕೃತಜ್ಞತೆ ಸಲ್ಲಲಿ. ಈ ಋಣವನ್ನು ನೆನೆಯದೆ ದಸ್ತಗೀರ ಸಾಹೇಬರ ಮಾತನ್ನು ಆರಂಭಿಸುವುದು ಅವರಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಗಾಡಿಯ ಕೀಲಿ ತಿರುಗಿಸುವ ಮುನ್ನ ಅವರೂ ಕಣ್ಣು ಮುಚ್ಚಿ, ತುಟಿಯಲ್ಲೇ ಏನನ್ನೋ ಹೇಳಿಕೊಳ್ಳುತ್ತಿದ್ದರು.

ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಒಂದು ಕಂಚಿನ ಬಟ್ಟಲು. ಗಾಡಿಯನ್ನು ಎಲ್ಲಿ ನಿಲ್ಲಿಸಿದರೂ ಅವರು ಅದರಲ್ಲಿ ಅಂಚಿನವರೆಗೆ ನೀರು ತುಂಬಿ ಗಾಡಿಯ ನಡುಮಧ್ಯದ ನೆಲದ ಮೇಲಿಡುತ್ತಿದ್ದರು. ಆಮೇಲೆ ಬಿಳಿಗಡ್ಡ ನೆಲಕ್ಕೆ ತಾಗುವಷ್ಟು ಬಾಗಿ, ಒಂದು ಕಣ್ಣು ಮುಚ್ಚಿ, ನೀರು ಯಾವ ಅಂಚಿಗೆ ಏರಿದೆಯೆಂದು ನೋಡುತ್ತಿದ್ದರು. ನೀರು ಎಡಕ್ಕೆ ವಾಲಿದ್ದರೆ ಎಡಗಾಲಿಯ ಕೆಳಗೆ ಒಂದು ಹಲಗೆ. ಮುಂದಕ್ಕೆ ವಾಲಿದ್ದರೆ ಮುಂದಿನ ಗಾಲಿಗಳಿಗೆ. ಇಷ್ಟು ಆಗುವವರೆಗೆ ಯಾರೂ ಒಲೆ ಹಚ್ಚುವಂತಿಲ್ಲ, ಹಾಸಿಗೆ ಬಿಚ್ಚುವಂತಿಲ್ಲ.

"ನೀರು ಯಾರ ಮುಲಾಜೂ ಇಟ್ಕೊಳ್ಳೂದಿಲ್ರಿ, ಗುರುಗಳ," ಎನ್ನುತ್ತಿದ್ದರು. "ಸೊಟ್ಟ ಇದ್ರ ಸೊಟ್ಟ ಅಂತೈತಿ. ಸೊಟ್ಟ ಗಾಡ್ಯಾಗ ಮಲಗಿದವ ಮುಂಜಾನಿ ಹೇಣ್ತಿ ಜೋಡಿ ಜಗಳಾ ತಗೀತಾನ. ತಪ್ಪು ಆಕೀದಲ್ಲ, ಹಲಗೀದು."

ಅವರು ಖಾನಾಪುರದವರು. ಮಲಪ್ರಭೆಯ ದಂಡೆಗೆ ಹತ್ತಿರದಲ್ಲಿ ವಿಶಾಲವಾದ ಅಂಗಳದ ಮನೆ; ಅಂಗಳದ ಮೂಲೆಯಲ್ಲೊಂದು ಬಾವಿ. ಯೌವನವನ್ನೆಲ್ಲ ಗೋವೆಯ ಘಾಟಿನಲ್ಲಿ ಪ್ರಯಾಣಿಕರ ಬಸ್ಸು ಓಡಿಸುತ್ತ ಕಳೆದು, ಓರಗೆಯವರು ಕಟ್ಟೆಯ ಮೇಲೆ ಕೂಡುವ ವಯಸ್ಸಿನಲ್ಲಿ, ಯಾವುದೋ ಶಾಲೆಯವರು ಕೈಬಿಟ್ಟ ಬಸ್ಸೊಂದನ್ನು ಕೊಂಡು ತಂದರು. ಬದಲಾವಣೆಗೆ ಬೇಕಾದ ಅನುಮತಿಯನ್ನು ಮೊದಲು ಪಡೆದು, ಆಮೇಲೆ ಬಡಗಿಯನ್ನೂ ಬೆಸುಗೆಯವನನ್ನೂ ಕರೆಸಿ, ಅದರ ಹೊಟ್ಟೆಯೊಳಗೆ ಮನೆಯೊಂದನ್ನು ಕಟ್ಟಿದರು: ಮಲಗಲು ಎರಡು ಮಂಚ, ಒಂದು ಒಲೆಕಟ್ಟೆ, ಮಡಚುವ ಮೇಜು, ಹಿಂಬದಿಯಲ್ಲಿ ಪುಟ್ಟ ಶೌಚದ ಕೋಣೆ, ಅಡಿಯಲ್ಲಿ ಒಳ್ಳೆಯ ನೀರಿಗೂ ಬಳಸಿದ ನೀರಿಗೂ ಬೇರೆ ಬೇರೆ ತೊಟ್ಟಿ. ಓದಿದವರು ಅದನ್ನು ಮೋಟರ್‌ಹೋಮ್ ಎನ್ನುತ್ತಿದ್ದರು. ಅವರ ಬಾಯಲ್ಲಿ ಮಾತ್ರ ಅದು ಕಡೆಯವರೆಗೂ ಮನಿಗಾಡಿ.

ಮನೆಯಲ್ಲಿ ದಖನಿ ಉರ್ದು, ಪೇಟೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ. ಗಾಡಿ ಮೊಂಡು ಹಿಡಿದಾಗ ಅದನ್ನು ಮರಾಠಿಯಲ್ಲೇ ಬಯ್ಯುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, ಕನ್ನಡದೊಳಗೆ ಶರಣರಂಥ ದೊಡ್ಡವರು ಕುಳಿತಿದ್ದಾರೆ, ದಖನಿ ತಮ್ಮನ್ನು ಬಯ್ಯಲು ಹೆಂಡತಿಗೆ ಬೇಕು, ಉಳಿದದ್ದು ಅದೊಂದೇ ಎಂದಿದ್ದರು.

ನಮ್ಮನ್ನು ಅವರ ಬಾಗಿಲಿಗೆ ತಂದದ್ದು ನನ್ನ ಪತ್ನಿ ಪದ್ಮಾವತಿಯ ಒಂದು ಆಸೆ. ನಾನು ಬೆಳಗಾವಿಯ ಪಾಠಶಾಲೆಯಲ್ಲಿ ಸಂಸ್ಕೃತ, ಪ್ರಾಕೃತಗಳನ್ನು ಕಲಿಸಿ ನಿವೃತ್ತನಾಗಿ ರಾಮತೀರ್ಥ ನಗರದಲ್ಲಿ ನೆಲೆಸಿದವನು. ಆಕೆಗೆ ಬೆಳಗೊಳದ ಬಾಹುಬಲಿ ಸ್ವಾಮಿಯ ದರ್ಶನ ಆಗಿರಲಿಲ್ಲ. ಅತ್ತೆ ಮಾವಂದಿರ ಸೇವೆ ಮುಗಿಯುವ ಹೊತ್ತಿಗೆ ಮೊಣಕಾಲು ಸೋತಿದ್ದವು. ಅದರೊಡನೆ ಆಕೆ ಕಠಿಣವಾದ ನೇಮಗಳನ್ನೂ ಹಿಡಿದಿದ್ದಳು. ಹೊರಗಿನ ಆಹಾರವಿಲ್ಲ. ಸೂರ್ಯ ಇಳಿದ ಮೇಲೆ ಹನಿ ನೀರೂ ಇಲ್ಲ. ಕುಡಿಯುವ, ಅಡುಗೆಯ, ತೊಳೆಯುವ ನೀರೆಲ್ಲ ಇಮ್ಮಡಿ ಬಟ್ಟೆಯಲ್ಲಿ ಸೋಸಿದ್ದೇ ಆಗಬೇಕು. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಶುದ್ಧ ನೀರಿನಿಂದ ತಂಬಿಗೆಗೆ ಇಳಿಸಿ, ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮರಳಿಸಬೇಕು. ಇಂಥವಳು ಬಸ್ಸು ಹತ್ತಿ, ಹೋಟೆಲಿನಲ್ಲಿ ಇಳಿದು ಯಾತ್ರೆ ಮಾಡುವುದು ಹೇಗೆ? ಸದಾಶಿವನಗರದಲ್ಲಿರುವ ಆಕೆಯ ತಮ್ಮ ಈ ಮನಿಗಾಡಿಯ ಸುದ್ದಿ ತಂದಾಗ, ಬೇಸಿಗೆಯ ಒಂದು ಬೆಳಿಗ್ಗೆ ನಾವು ಖಾನಾಪುರಕ್ಕೆ ಹೋದೆವು.

ಸಾಹೇಬರು ನನ್ನನ್ನು ಹೆಚ್ಚು ಏನೂ ಕೇಳಲಿಲ್ಲ. ಪದ್ಮಾವತಿಗೆ ಮಂಚದ ಮೇಲೆ ಒಮ್ಮೆ ಮಲಗಿ ಏಳಲು ಹೇಳಿದರು. ಏಳುವಾಗ ಆಕೆಯ ಕೈ ಏನನ್ನು ಹಿಡಿಯಲು ಹುಡುಕಿತೋ ಅಲ್ಲಿಗೆ ಸೀಸದ ಕಡ್ಡಿಯಿಂದ ಗುರುತು ಹಾಕಿದರು. ಮುಂದೆ ಅಲ್ಲೊಂದು ಹಿಡಿಕೆ ಬಂತು. ಬಾಗಿಲಿಗೆ ಇನ್ನೊಂದು ಮೆಟ್ಟಿಲೂ ಬಂತು.

ಬೆಳಗೊಳಕ್ಕೆ ಯಾವಾಗ ಹೊರಡಬಹುದೆಂದು ನಾನು ಕೇಳಿದಾಗ ಅವರು ಉತ್ತರಿಸಿದ್ದು ಆಕೆಗೆ. "ಅಕ್ಕಾರ, ಬೆಳಗೊಳ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ಒಂದ ರಾತ್ರಿ ಇಲ್ಲೇ ಹತ್ರ ಎಲ್ಲರೆ ಮಲಗಿ ನೋಡೂಣು. ಏನ್ ಮರತೀವಿ ಅನ್ನೂದು ಮನಿ ಹತ್ರ ಇದ್ದಾಗನ ಗೊತ್ತಾಗಬೇಕು."

ಪದ್ಮಾವತಿ ಹೇಳಿದಳು: "ಆತು ಅಣ್ಣಾರ. ಆದ್ರ ನನ್ನ ನೇಮದಾಗ ಒಂದ ಎಳಿ ತಪ್ಪಿದ್ರೂ ನಾ ಬೆಳಗೊಳಕ್ಕ ಬರಾಂಗಿಲ್ಲ. ಮುರದ ನೇಮ ತಗೊಂಡು ಸ್ವಾಮಿ ಮುಂದ ಹೆಂಗ ನಿಂದ್ರಲಿ?"

ಹೀಗೆ, ಆಕೆಯ ಜೀವಮಾನದ ಆಸೆಯೆಲ್ಲ ಖಾನಾಪುರಕ್ಕೆ ಹತ್ತಿರದ ಕಾಡೂರು ಜಾಂಬೋಟಿಯ ಒಂದು ರಾತ್ರಿಯ ಮೇಲೆ ನಿಂತಿತು. ಅಲ್ಲಿ ಪುಂಡಲೀಕ ಎಂಬ ರೈತ ಅವರ ಹಳೆಯ ಗೆಳೆಯ. ಅವನ ಗದ್ದೆಯ ಬದಿಗೆ ಗಾಡಿ ನಿಲ್ಲಿಸಲು ಮುಂಚಿತವಾಗಿಯೇ ಅಪ್ಪಣೆ ಪಡೆದಿದ್ದರು. ಗೆಳೆಯನಾದರೂ ಕೇಳದೆ ಗಾಲಿ ಇಡಬಾರದೆಂಬುದು ಅವರ ನಿಯಮ. ಹೊರಡುವಾಗ ಬಳಸಿದ ನೀರನ್ನು ಗದ್ದೆಗೆ ಬಿಡದೆ ಊರಿನವರೆಗೆ ಹೊತ್ತು ತರುವುದೂ ಹಾಗೆಯೇ. "ನಾವು ಇಲ್ಲಿ ನಿಂತಿದ್ವಿ ಅನ್ನೂದು ಹುಲ್ಲಿಗಷ್ಟ ಗೊತ್ತಿರಬೇಕ್ರಿ" ಎನ್ನುವರು.

ಆ ದಾರಿಯುದ್ದಕ್ಕೂ ನಾನು ಶಿಷ್ಯನಾದೆ. ಹೊರಡುವ ಮುನ್ನ ಒಲೆಯನ್ನಷ್ಟೇ ಆರಿಸಿದರೆ ಸಾಲದು, ಸಿಲಿಂಡರಿನ ಕತ್ತನ್ನೂ ತಿರುಗಿಸಿ ಮುಚ್ಚಬೇಕು. ಗಾಲಿಯ ಗಾಳಿಯನ್ನು ಬೆಳಗಿನ ತಂಪಿನಲ್ಲೇ ನೋಡಬೇಕು. ಭಾರದ ಸಾಮಾನು ಕೆಳಗೆ, ಹಗುರಾದದ್ದು ಮೇಲೆ. ಮೇಲಿನ ಗೂಡಿನಲ್ಲಿ ನಾನು ಜೋಡಿಸಿದ್ದ ಗ್ರಂಥಗಳನ್ನೆಲ್ಲ ಅವರು ಕೈಮುಗಿದೇ ಇಳಿಸಿ ಮಂಚದ ಕೆಳಗಿಟ್ಟರು. ದೀಪ, ಫ್ಯಾನುಗಳ ಬ್ಯಾಟರಿಯನ್ನು ಎಂಜಿನ್ನಿನ ಬ್ಯಾಟರಿಯಿಂದ ಬೇರೆ ಇಟ್ಟದ್ದಕ್ಕೆ ಅವರ ಕಾರಣ ಇದು: "ಅಣ್ಣತಮ್ಮರ ಒಲಿ ಬ್ಯಾರೆ ಇದ್ರನ ಪ್ರೀತಿ ಉಳೀತೈತ್ರಿ. ರಾತ್ರಿಯೆಲ್ಲ ದೀಪ ಹಚ್ಚಿದ್ರೂ ಮುಂಜಾನಿ ಗಾಡಿ ಚಾಲೂ ಆಗಬೇಕಲ್ಲ." ಜಾಂಬೋಟಿಯ ಕಾಡುದಾರಿಯಲ್ಲಿ ಕೊಂಬೆಗಳು ಬಾಗಿ ಬಂದಾಗ ವೇಗ ತಗ್ಗಿಸಿ, "ಗಾಡಿ ಎತ್ತರ ನಾವು ಮರತ್ರ ಗಿಡ ನೆನಪು ಮಾಡಿಕೊಡ್ತೈತಿ" ಎಂದರು. ಚಾವಣಿಯ ಕೀಲುಗಳಿಗೆ ಮಳೆಗಾಲಕ್ಕೆ ಮೊದಲೇ ತಾವೇ ಕೊಡ ಕೊಡ ನೀರು ಸುರಿದು ಸೋರುವುದೇ ಎಂದು ನೋಡುತ್ತಿದ್ದರಂತೆ; ಆ ಸೀಮೆಯ ಮಳೆಗೆ ತೂತು ಹುಡುಕುವ ಕೆಲಸ ಕೊಡಬಾರದು ಎಂಬುದು ಅವರ ಅಭಿಪ್ರಾಯ.

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಗಾಡಿ ಕದಲುವ ಮುನ್ನ ಒಳಗೆ ಸಡಿಲವಾದ ಒಂದು ಚಮಚವೂ ಹೊರಗಿರಕೂಡದು. ತಿರುವಿನಲ್ಲಿ ತಂಬಿಗೆಯೂ ಗುಂಡಿನಂತೆ ಹಾರುತ್ತದೆಂದು ಹೇಳಿ, ಕಂಡದ್ದನ್ನೆಲ್ಲ ಬಟ್ಟೆ ಸುತ್ತಿ ಕಪಾಟಿನಲ್ಲಿ ಬಿಗಿಯುತ್ತಿದ್ದರು.

ಅದು ರಮಜಾನ್ ತಿಂಗಳು, ಅವರದು ರೋಜಾ. ಜಾಂಬೋಟಿ ಮುಟ್ಟಿದ ಸಂಜೆ ಪದ್ಮಾವತಿ ಹೊತ್ತಿಳಿಯುವ ಮೊದಲೇ ಉಂಡು ತಟ್ಟೆ ತೊಳೆದಿಟ್ಟಳು. ಹೊತ್ತು ಇಳಿದ ಮೇಲೆ ಅವರು ಖರ್ಜೂರದ ಪೊಟ್ಟಣ ಬಿಚ್ಚಿದರು. "ಅಕ್ಕಾರ ಅಂಗಡಿ ಮುಚ್ಚಿತು ಅಂದ್ರ ನಂದು ತೆರೀತೈತಿ. ಗಿರಾಕಿ ಒಬ್ಬಾವ್ನ, ಸೂರ್ಯ," ಎಂದಾಗ, ಅಪರೂಪಕ್ಕೆ ಆಕೆ ಗಟ್ಟಿಯಾಗಿ ನಕ್ಕಳು.

ಮರುದಿನ ಮಧ್ಯಾಹ್ನದ ಮೇಲೆ ಹೊರಟೆವು. ಖಾನಾಪುರದ ಅವರ ಅಂಗಳದಲ್ಲಿ ಗಾಡಿ ನಿಲ್ಲಿಸಿ ಪದ್ಮಾವತಿ ಅಡುಗೆ ಮಾಡಿ ಉಣ್ಣುವುದು, ಅವರು ಮನೆಯವರೊಡನೆ ರೋಜಾ ಬಿಡುವುದು ಎಂದು ಗೊತ್ತಾಗಿತ್ತು. ಊರು ಸಮೀಪಿಸಿದಾಗ ಅವರು ಗಾಲಿಗಳು ಕಾದಿವೆಯೇ ಎಂದು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಲು ಮರದ ನೆರಳಲ್ಲಿ ನಿಲ್ಲಿಸಿದರು. ಬೇಳೆ ತೆಗೆಯಲು ಕಪಾಟು ತೆರೆದ ಪದ್ಮಾವತಿ ಹಾಗೆಯೇ ನಿಂತುಬಿಟ್ಟಳು. ಟವೆಲು ಸುತ್ತಿ, ಮುಚ್ಚಳ ಬಿಗಿದು, ಅಲುಗದಂತೆ ಇರಿಸಿದ್ದ ತಂಬಿಗೆ ಅಲ್ಲಿತ್ತು. ಹೊರಡುವ ಮುನ್ನ ಪುಂಡಲೀಕನ ಬಾವಿಯ ನೀರನ್ನು ತೊಟ್ಟಿಗೆ ಸೋಸಿದಾಗ ಬಟ್ಟೆಯಲ್ಲಿ ಉಳಿದ ಜೀವಗಳ ನೀರು ಅದು. ಬಾವಿಗೆ ಇಳಿಸಲೆಂದು ಆಕೆ ಬಾಗಿಲ ಬಳಿ ಇಟ್ಟು, ಬಟ್ಟೆ ಒಣಹಾಕಿ ಬರುವುದರೊಳಗೆ, ಸಡಿಲವಾದ ತಂಬಿಗೆ ಕಂಡ ಸಾಹೇಬರು ತಮ್ಮ ಧರ್ಮವನ್ನು ತಾವು ಪಾಲಿಸಿದ್ದರು. ತಂಬಿಗೆ ಕಾಣದ್ದರಿಂದ ಪುಂಡಲೀಕನ ಹೆಂಡತಿ ಅದನ್ನು ಬಾವಿಗೆ ಇಳಿಸಿದ್ದಾಳೆಂದು ಆಕೆ ತಿಳಿದಿದ್ದಳು.

ಎದುರಿಗೇ ಮಲಪ್ರಭೆ ಇದೆಯಲ್ಲ, ಅದರಲ್ಲಿ ಬಿಟ್ಟರಾಯಿತೆಂದು ನಾನು ಹೇಳಿದೆ. ಆಪತ್ಕಾಲದಲ್ಲಿ ನೇಮ ಸಡಿಲಿಸಲು ಅವಕಾಶ ಕೊಡುವ ಒಂದೆರಡು ಶಾಸ್ತ್ರವಚನಗಳನ್ನೂ ನೆನಪಿಸಿದೆ.

"ಊರು ಬಿಡಿಸಿದ್ದಲ್ದ ಪರವೂರಾಗ ಒಗೀಬೇಕೇನ್ರಿ?" ಎಂದಳು ಆಕೆ. ಆಮೇಲೆ ಮೆಲ್ಲಗೆ, "ಯಾತ್ರಾ ಬ್ಯಾಡ. ಇಲ್ಲೇ ಹಿಂಗಾತು ಅಂದ್ರ ಮುಂದ ಹೆಂಗ? ಮನಿಗೆ ಹೋಗೂಣು."

ಸಾಹೇಬರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಂಬಿಗೆಯತ್ತ ನೋಡಿ ಕೇಳಿದರು:

"ಅಕ್ಕಾರ, ಅವು ಇನ್ನೂ ಜೀವಂತ ಅದಾವೇನ್ರಿ?"

"ಕಣ್ಣಿಗೆ ಕಾಣೂದಿಲ್ಲ ಅಣ್ಣಾರ. ಅದಾವು ಅಂತನ ನಡೀಬೇಕು."

"ಹಂಗಾರ ಪ್ಯಾಸೆಂಜರ್ ಇನ್ನೂ ಇಳದಿಲ್ಲ. ಅವರವರ ಸ್ಟಾಪಿನಾಗ ಇಳಸಬೇಕಲ್ರಿ."

ಹೊತ್ತು ಆಗಲೇ ಪಶ್ಚಿಮಕ್ಕೆ ವಾಲಿತ್ತು. ಅವರ ರೋಜಾದ ಮಾತೆತ್ತಿದೆ. "ರೋಜಾ ಎಲ್ಲಿದ್ರೂ ಬಿಡ್ತೈತಿ, ಗುರುಗಳ. ಇವಕ್ಕ ಬಾವಿ ಒಂದ," ಎಂದು ಹೇಳಿ ಗಾಡಿ ತಿರುಗಿಸಲು ಅಗಲವಾದ ಜಾಗ ಹುಡುಕತೊಡಗಿದರು.

ಅವಸರವಿದ್ದರೂ ಅವರು ಕಾಡುದಾರಿಯಲ್ಲಿ ಒಂದು ತಿರುವನ್ನೂ ಬಿರುಸಾಗಿ ತೆಗೆದುಕೊಳ್ಳಲಿಲ್ಲ. ಪದ್ಮಾವತಿ ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಮರಳಿ ಬಂದ ಗಾಡಿಯನ್ನು ಕಂಡು ಪುಂಡಲೀಕ, "ಕಾಯ್ ರಾಹಿಲಂ, ಸಾಹೇಬ?" ಎಂದ, ಏನು ಉಳಿಯಿತೆಂದು. ಇಳಿಯುವುದನ್ನು ಮರೆತ ಮಂದಿ ಇದ್ದರೆಂದು ಇವರು ಮರಾಠಿಯಲ್ಲೇ ಹೇಳಿದರು. ಹಗ್ಗ ಕಟ್ಟಿದ ತಂಬಿಗೆ ಬಾವಿಗೆ ಇಳಿಯಿತು. ನೀರು ಮುಟ್ಟಿದ ಮೇಲೆಯೇ ಆಕೆ ಅದನ್ನು ಓರೆಮಾಡಿದಳು.

ಹೊತ್ತು ಮುಳುಗಲು ಎರಡು ಗಳಿಗೆ ಮೊದಲೇ ಮುಗಿಯಬೇಕಾದ ಆಕೆಯ ಊಟದ, ನೀರಿನ ಹೊತ್ತು ಮೀರಿತ್ತು. ಇನ್ನು ಮರುದಿನದ ಸೂರ್ಯನವರೆಗೆ ನೀರೂ ಇಲ್ಲ. ಹಾಗಿದ್ದೂ ಬಾವಿಕಟ್ಟೆಯ ಮೇಲೆ ಇನ್ನೂ ಬೆಳಕಿರುವಾಗಲೇ ಒಂದು ಕೊಡ ಸೇದಿ, ಸೋಸಿ, ಬಟ್ಟೆಯ ಜೀವಗಳನ್ನು ಬಾವಿಗೆ ಮರಳಿಸಿ, ಲೋಟ ತುಂಬಿ ಸಾಹೇಬರ ಮುಂದಿಟ್ಟಳು. ಸೂರ್ಯ ಗುಡ್ಡದ ಹಿಂದೆ ಸರಿದ. ಅವರು ಲೋಟವನ್ನು ಕೈಯಲ್ಲಿ ಹಿಡಿದರು, ಕುಡಿಯಲಿಲ್ಲ.

"ಇವತ್ತ ನಿಮ್ಮ ಅಂಗಡಿ ತೆರೀಲೇ ಇಲ್ಲ, ಅಕ್ಕಾರ. ನಾ ಹೆಂಗ ಕುಡೀಲಿ?"

"ಕುಡೀರಿ ಅಣ್ಣಾರ. ನನ್ನ ನೇಮ ಉಳೀತು," ಎಂದಳು ಪದ್ಮಾವತಿ. "ಬೆಳಗೊಳಕ್ಕ ಯಾವಾಗ ಹೊರಡೂಣು?"

ಹಬ್ಬ ಮುಗಿದ ಮೇಲೆ ಹೊರಟೆವು. ಆಗ ಚಾಲಕನ ಆಸನದ ಬದಿಯಲ್ಲಿ ಹೊಸದೊಂದು ಕೊಕ್ಕೆ ಇತ್ತು. ತಂಬಿಗೆಗೆ ಇನ್ನು ಕಪಾಟಿಲ್ಲ. ಅದರ ಸ್ಥಾನ ಆ ಕೊಕ್ಕೆ. ಪ್ರತಿ ನಿಲ್ದಾಣದಲ್ಲೂ ಸಾಹೇಬರು ಕೈಚಾಚಿ ತಂಬಿಗೆಯನ್ನು ಎತ್ತಿ ನೋಡಿ, ಖಾಲಿಯಾಗಿದ್ದರೆ ಮಾತ್ರ ಕೀಲಿಗೆ ಕೈ ಹಾಕುತ್ತಿದ್ದರು. ಬೆಳಗೊಳದಲ್ಲಿ ಪದ್ಮಾವತಿ ಡೋಲಿಯಲ್ಲಿ ಬೆಟ್ಟ ಹತ್ತಿ ಸ್ವಾಮಿಯ ಪಾದದ ಬಳಿ ಬಹಳ ಹೊತ್ತು ಕುಳಿತಳು. ಏನು ಬೇಡಿಕೊಂಡೆ ಎಂದು ನಾನು ಕೇಳಲಿಲ್ಲ. ಬೇಡಿಕೊಂಡವಳ ಮುಖದಂತೆ ಅದು ಕಾಣುತ್ತಿರಲಿಲ್ಲ. ಕೆಳಗೆ ಸಾಹೇಬರು ಗಾಡಿಯ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಕಾಗೆ ಓಡಿಸುತ್ತ ಕುಳಿತಿದ್ದರು.

ನಾವು ಸಾಹೇಬರನ್ನು ಕಡೆಯ ಸಲ ನೋಡಿದ್ದು ಖಾನಾಪುರದ ಅವರ ಅಂಗಳದಲ್ಲಿ. ಕಣ್ಣು ಮಸುಕಾಗುತ್ತಿರುವುದು ಗೊತ್ತಾದ ದಿನವೇ ಅವರು ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಯಾರೂ ಹೇಳಬೇಕಾಗಿ ಬಂದಿರಲಿಲ್ಲ. ಆದರೆ ವಾರಕ್ಕೊಮ್ಮೆ ಒಳಗೆ ಕುಳಿತು ಎಂಜಿನ್ ನಡೆಸುವುದನ್ನು ಬಿಟ್ಟಿರಲಿಲ್ಲ. ಓಡುವ ಗಾಡಿಗಿಂತ ನಿಂತ ಗಾಡಿ ಬೇಗ ಮುದಿಯಾಗುತ್ತದೆ ಎಂದು ಹೇಳುತ್ತ ನಮ್ಮನ್ನೂ ಹತ್ತಿಸಿಕೊಂಡರು. ಪದ್ಮಾವತಿ ತನ್ನ ಹಿಡಿಕೆ ಹಿಡಿದು ತನ್ನ ಮಂಚದ ಮೇಲೆ ಕುಳಿತಳು. ಸಾಹೇಬರು ತಡವರಿಸಿ ಕಂಚಿನ ಬಟ್ಟಲು ತುಂಬಿಸಿ ನೆಲದ ಮೇಲಿಟ್ಟರು, ಬಾಗಿದರು, ಕಾಣಲಿಲ್ಲ.

"ಅಕ್ಕಾರ, ನೀರು ಏನಂತೈತಿ ನೋಡ್ರಿ."

ಆಕೆ ನೋವಿನ ಮೊಣಕಾಲು ಮಡಿಚಿ ನೋಡಿದಳು. "ಜರಾ ನಿಮ್ಮ ಕಡೆ ವಾಲೇತಿ, ಅಣ್ಣಾರ."

"ಮಾಲಕ ಎಲ್ಲಿ ಕುಂತಾನ ಅಂತ ಅದಕ್ಕೂ ಗೊತ್ತೈತಿ," ಎಂದು ನಕ್ಕು ಅವರು ಚಾಲಕನ ಆಸನಕ್ಕೆ ಹೋಗಿ ಕುಳಿತರು. ಗಾಡಿ ಎಲ್ಲಿಗೂ ಹೋಗುವುದಿರಲಿಲ್ಲ. ಹಾಗಿದ್ದೂ ಅವರ ಕೈ ಮೊದಲು ಹೋದದ್ದು ಕೊಕ್ಕೆಗೆ. ತಂಬಿಗೆಯನ್ನು ಎತ್ತಿ, ಅಲುಗಿಸಿ, ಕಿವಿಯ ಹತ್ತಿರ ಹಿಡಿದು ಕೇಳಿ, ಎಲ್ಲರೂ ಇಳಿದಿದ್ದಾರೆಂದು ಖಾತ್ರಿಯಾದ ಮೇಲೆ ಕಣ್ಣು ಮುಚ್ಚಿ ಪ್ರಾರ್ಥಿಸಿ, ಕೀಲಿ ತಿರುಗಿಸಿದರು.

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ಪದ್ಮಾವತಿ ಅಂದು ಉಪವಾಸವಿದ್ದಳು.

ದಸ್ತಗೀರ ಸಾಹೇಬರ ಆತ್ಮಕ್ಕೆ ಸಮತಟ್ಟಾದ ನೆಲೆ ದೊರೆಯಲಿ. ಅವರನ್ನು ದಖನಿಯಲ್ಲಿ ಬಯ್ದು ಬಾಳಿಸಿದ ಆ ತಾಯಿಗೆ ಶಾಂತಿಯಿರಲಿ. ಕೇಳಿದ ಕೂಡಲೇ ಗದ್ದೆಯ ಅಂಚು ಬಿಟ್ಟುಕೊಟ್ಟ ಪುಂಡಲೀಕನ ಮನೆ ತುಂಬಿರಲಿ, ಅವನ ಬಾವಿ ಬತ್ತದಿರಲಿ. ಆ ಸಂಜೆ ತಂಬಿಗೆಯಲ್ಲಿ ನಮ್ಮೊಡನೆ ಪಯಣಿಸಿ ತಮ್ಮ ನೀರಿಗೆ ಮರಳಿದ, ನಮ್ಮ ಕಣ್ಣಿಗೆ ಕಾಣದ ಆ ಜೀವಗಳಿಗೂ ಶುಭವಾಗಲಿ.