ಹೊಗಳುವುದು ತಮಿಳಿನಲ್ಲಿ

ಇವತ್ತು ಬೆಳಿಗ್ಗೆ ಮಾಂಬಲಂ ಸ್ಟೇಷನ್ನಿನಲ್ಲಿ ತಾಂಬರಂ ರೈಲು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದು ಕುಳಿತಿದ್ದೆ. ಎದುರಿಗೆ ಇಬ್ಬರು ಹುಡುಗರು, ಕಾಲೇಜಿನವರಿರಬೇಕು, ಒಂದೇ ಫೋನಿನ ಮೇಲೆ ತಲೆ ತಗ್ಗಿಸಿಕೊಂಡು ಜಗಳವಾಡುತ್ತಿದ್ದರು. ಮೊದಲು ಯಾರೋ ಹುಡುಗಿಯ ವಿಷಯ ಎಂದುಕೊಂಡೆ. ಸ್ವಲ್ಪ ಹೊತ್ತು ಕಿವಿಗೊಟ್ಟ ಮೇಲೆ ತಿಳಿಯಿತು, ಅದು ಈ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಕಾಡೆಮಿ ಹುಡುಗರ ವಿಷಯ. ಅವರಲ್ಲಿ ಈ ವರ್ಷ ಯಾರು ಮೊದಲ ತಂಡಕ್ಕೆ ಹೋಗುತ್ತಾರೆ, ಯಾರು ಅಲ್ಲೇ ಉಳಿಯುತ್ತಾರೆ ಎಂಬ ಚರ್ಚೆ. "ಅವನ್ ವರಮಾಟ್ಟಾನ್ ಡಾ," ಎಂದ ಒಬ್ಬ, ಅವನು ಬರುವುದಿಲ್ಲ ಕಣೋ ಎಂದು. ಹಾಗೆನ್ನುವಾಗ ಅವನು ಫೋನಿನಿಂದ ಕಣ್ಣು ಕೂಡ ಎತ್ತಲಿಲ್ಲ. ಯಾರದೋ ಮನೆಯ ಮಗನ ಹಣೆಬರಹವನ್ನು ಪಲ್ಲಾವರಂ ಸ್ಟೇಷನ್ ಬರುವುದರೊಳಗೆ ತೀರ್ಮಾನಿಸಿ, ಪಕ್ಕದವನ ಪೊಟ್ಟಣಕ್ಕೆ ಕೈಹಾಕಿ ಕಡಲೆಕಾಯಿ ತೆಗೆದುಕೊಂಡ.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದೇ ಮಾತನ್ನು ಅಷ್ಟೇ ಸಲೀಸಾಗಿ ಆಡುತ್ತ ಅದೆಷ್ಟೋ ಸಂಜೆಗಳನ್ನು ಕಳೆದವನು ನಾನು. ಈಗ ಹೊರಟಿದ್ದದ್ದೂ ಆ ಸಂಜೆಗಳ ಯಜಮಾನರಾಗಿದ್ದ ಕುಲಕರ್ಣಿಯವರ ಮನೆಗೇ. ಇವತ್ತು ಅವರ ವೈಕುಂಠ ಸಮಾರಾಧನೆ.

ಮದ್ರಾಸಿನಲ್ಲಿ ಕೂತು ಇವನು ಫುಟ್‌ಬಾಲ್ ಮಾತಾಡುತ್ತಾನಲ್ಲ ಎಂದು ನಿಮಗೆ ಅನ್ನಿಸಬಹುದು. ಈ ಊರು ಕ್ರಿಕೆಟ್ಟಿನದು, ನಿಜ. ತುಮಕೂರಿನಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಇಲ್ಲಿಗೆ ಬಂದಾಗ ನಾನೂ ಫುಟ್‌ಬಾಲನ್ನು ಕಾಲಿನಿಂದ ಮುಟ್ಟಿದವನಲ್ಲ. ಶಾಲೆಯಲ್ಲಿ ನನ್ನನ್ನು ಗೋಲಿನ ಹಿಂದೆ, ಚರಂಡಿಯ ಪಕ್ಕ ನಿಲ್ಲಿಸುತ್ತಿದ್ದರು. ಚೆಂಡು ಬಿದ್ದರೆ ಎತ್ತಿಕೊಡುವುದು ನನ್ನ ಕೆಲಸ. ಹಾಗಾಗಿ ಕೈಯಿಂದ ಮುಟ್ಟಿದ್ದೇನೆ, ಅಷ್ಟೇ ನನ್ನ ಯೋಗ್ಯತೆ. ನನಗೆ ಈ ಚಟ ಹಿಡಿಸಿದವರು ವೆಸ್ಟ್ ಮಾಂಬಲಂನಲ್ಲಿ ನಮ್ಮ ಮೇಲಿನ ಫ್ಲಾಟಿನ ಪದ್ಮಕ್ಕ. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಮೂರು ತಲೆಮಾರಿನಿಂದ ಇಲ್ಲೇ ನೆಲೆಸಿದ ಮಾಧ್ವರ ಮನೆಯ ಹೆಣ್ಣುಮಗಳು. ಚಿಕ್ಕಂದಿನಲ್ಲಿ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಲೀಗ್ ಪಂದ್ಯಗಳಿಗೆ ಕರೆದೊಯ್ಯುತ್ತಿದ್ದರಂತೆ. ಏಕಾದಶಿಯ ದಿನ ನೀರು ಕೂಡ ಮುಟ್ಟದ ಪದ್ಮಕ್ಕ, ಗೋಲಿನೆದುರು ಚೆಂಡು ತಪ್ಪಿಸಿಕೊಂಡವನಿಗೆ ಅನ್ನುವ ಮಾತನ್ನು ನಾನಿಲ್ಲಿ ಬರೆಯಲಾರೆ.

ಅವರಿಗೆ ಮೊದಲ ತಂಡದ ಆಟ ಅಷ್ಟಾಗಿ ರುಚಿಸುತ್ತಿರಲಿಲ್ಲ. "ಅವರೆಲ್ಲಾ ಆಗಿ ಮುಗಿದೋರಪ್ಪಾ. ಆಗ್ತಾ ಇರೋದನ್ನ ನೋಡಬೇಕೂಂದ್ರೆ ಇಲ್ಲಿಗೇ ಬರಬೇಕು," ಎನ್ನುತ್ತಿದ್ದರು. ಇಲ್ಲಿ ಎಂದರೆ ತಾಂಬರಂ ಆಚೆಯ ಒಂದು ಕಾಲೇಜಿನ ಮೈದಾನ. ಅಕಾಡೆಮಿಯಿಂದ ಬಂದ ಹುಡುಗರ ರಿಸರ್ವ್ ತಂಡ ಅಲ್ಲಿ ಆಡುತ್ತಿತ್ತು. ಟಿಕೆಟ್ ಇಲ್ಲ, ಕುರ್ಚಿ ಇಲ್ಲ. ಒಂದು ಬದಿಗೆ ಸಿಮೆಂಟಿನ ಮೆಟ್ಟಿಲುಗಳು, ಮೆಟ್ಟಿಲಿಗೂ ಮೈದಾನದ ಗೆರೆಗೂ ನಡುವೆ ಎರಡು ಮಾರು ಜಾಗ. ಕುಲಕರ್ಣಿಯವರು ನಮಗೆ ಸಿಕ್ಕಿದ್ದು ಆ ಮೆಟ್ಟಿಲ ಮೇಲೆ. ಹುಬ್ಬಳ್ಳಿಯವರು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾಗಿ ತಾಂಬರಂನಲ್ಲೇ ಮನೆ ಮಾಡಿಕೊಂಡಿದ್ದರು. ಹರೆಯದಲ್ಲಿ ರೈಲ್ವೆ ತಂಡಕ್ಕೆ ಗೋಲ್‌ಕೀಪರ್ ಆಗಿದ್ದರಂತೆ. ಅದರ ಗುರುತಾಗಿ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಪದ್ಮಕ್ಕ ನನ್ನೊಡನೆ ಕನ್ನಡದಲ್ಲಿ ಯಾವನೋ ಹುಡುಗನನ್ನು ಬೈಯುತ್ತಿದ್ದಾಗ ಕೆಳಗಿನ ಮೆಟ್ಟಿಲಿನಿಂದ ತಿರುಗಿ, "ಇನ್ನೊಂದಿಷ್ಟು ಬೈರಿ ಅಕ್ಕಾರ, ಅಂವಗ ಇಷ್ಟು ಸಾಲಂಗಿಲ್ಲ," ಎಂದಿದ್ದರು. ಅಂದಿನಿಂದ ನಾವು ಮೂವರಾದೆವು.

ನಮ್ಮ ಮಾತಿಗೆ ಒಂದೇ ವಿಷಯ: ಇವನು ಮೇಲೆ ಬರುತ್ತಾನೋ ಇಲ್ಲವೋ. ಮೇಲೆ ಎಂದರೆ ಮೊದಲ ತಂಡಕ್ಕೆ. ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿ, ಹದಕ್ಕೆ ಬಂತೇ ಎಂದು ಇಣುಕುವವರ ಹಾಗೆ ವಾರವಾರವೂ ಆ ಹುಡುಗರನ್ನು ಇಣುಕಿ ನೋಡುತ್ತಿದ್ದೆವು. ಒಂದು ಸಲ ಪದ್ಮಕ್ಕ ಅಭ್ಯಾಸಬಲದಿಂದ ತಮಿಳಿನಲ್ಲೇ, ಆ ಹತ್ತನೇ ನಂಬರಿನವನನ್ನು ಮನೆಗೆ ಕಳಿಸುವುದು ಒಳ್ಳೆಯದು ಎಂದುಬಿಟ್ಟರು. ಮುಂದಿನ ಮೆಟ್ಟಿಲಿನಲ್ಲಿದ್ದ ಹೆಂಗಸೊಬ್ಬಳು ತಿರುಗಿ ನೋಡಿ, ತನ್ನ ಬುತ್ತಿಚೀಲ ಎತ್ತಿಕೊಂಡು ಆ ಕೊನೆಗೆ ಹೋಗಿ ಕೂತಳು. ಹತ್ತನೇ ನಂಬರಿನವನ ತಾಯಿ. ಕುಲಕರ್ಣಿಯವರು ಅವತ್ತೇ ಕಾನೂನು ಮಾಡಿದರು. "ಇನ್ನ ಮ್ಯಾಲೆ ಹೊಗಳೂದು ತಮಿಳಿನ್ಯಾಗ, ಬೈಯೂದು ಕನ್ನಡದಾಗ. ಯಾರ ಅವ್ವ ಎಲ್ಲಿ ಕೂತಿರ್ತಾಳೋ ಯಾರಿಗ್ಗೊತ್ತು."

ಕಾನೂನು ಚೆನ್ನಾಗಿಯೇ ನಡೆಯಿತು. ಆದರೆ ಬರಬರುತ್ತ ತಮಿಳಿನ ಮಾತು ಬರೀ ಉಪಚಾರಕ್ಕೆ ಉಳಿಯಿತು; ಮನಸ್ಸಿನಲ್ಲಿದ್ದದ್ದು ಕನ್ನಡದಲ್ಲಷ್ಟೇ ಹೊರಬರುತ್ತಿತ್ತು. ಮೇಲಾಗಿ ಕುಲಕರ್ಣಿಯವರ ತಮಿಳು, ಅಷ್ಟು ವರ್ಷ ಇಲ್ಲಿದ್ದರೂ, ರೊಂಬ, ನಲ್ಲಾ, ತಂಬಿ (ತುಂಬ, ಚೆನ್ನಾಗಿ, ತಮ್ಮಾ) ಎಂಬ ಮೂರು ಮಾತನ್ನು ದಾಟಿ ಬಹಳ ದೂರ ಹೋಗಿರಲಿಲ್ಲ. ಒಳ್ಳೆಯ ಆಟಕ್ಕೂ ಕೆಟ್ಟ ಆಟಕ್ಕೂ ಅವರು ಎದ್ದು ನಿಂತು "ರೊಂಬ ನಲ್ಲಾ ತಂಬಿ" ಎಂದು ಚಪ್ಪಾಳೆ ತಟ್ಟಿ, ಕೂತ ಮೇಲೆ ಕನ್ನಡದಲ್ಲಿ ಸತ್ಯ ಹೇಳುತ್ತಿದ್ದರು.

ಆ ಹುಡುಗರಲ್ಲಿ ಎಡಬದಿಯನ್ನು ಕಾಯುವ ಒಬ್ಬ ಲೆಫ್ಟ್ ಬ್ಯಾಕ್ ಇದ್ದ. ತೆಳ್ಳಗೆ, ಕಪ್ಪಗೆ, ಓಡುವಾಗ ಭುಜ ಎತ್ತಿಕೊಳ್ಳುತ್ತಿದ್ದ. ಜೊತೆಯವರು ಮ್ಯಾಟಿ ಎಂದು ಕೂಗುತ್ತಿದ್ದರು. ಇವನು ಮ್ಯಾಥ್ಯೂ, ಕನ್ಯಾಕುಮಾರಿ ಕಡೆಯವನು ಎಂದು ಪದ್ಮಕ್ಕ ತೀರ್ಮಾನಿಸಿದ್ದರು. ಪಂದ್ಯದ ಅರ್ಧ ಹೊತ್ತು ಅವನು ಆಡುವ ಬದಿ ನಮ್ಮ ಮೆಟ್ಟಿಲ ಬುಡಕ್ಕೇ ಬರುತ್ತಿತ್ತಾದ್ದರಿಂದ ನಮ್ಮ ಬಾಯಿಗೆ ಅವನೇ ಹೆಚ್ಚು ಸಿಕ್ಕಿದ. "ಇಂವಾ ಮ್ಯಾಲೆ ಬರಂಗಿಲ್ಲ ಬಿಡ್ರಿ, ಬಲಗಾಲು ಬರೇ ನಿಂದರ್ಲಿಕ್ಕೆ ಅದ," ಎನ್ನುವರು ಕುಲಕರ್ಣಿ. "ಪಾವಂ, ಓಡ್ತಾನೆ. ಆದ್ರೆ ಹಿಂದೆ ಯಾರು ಬರ್ತಾ ಇದಾರೇಂತ ತಿರುಗಿ ನೋಡೋದೇ ಇಲ್ವಲ್ಲಾ, ಶುಮ್ಮಾ ಚೆಂಡನ್ನೇ ನೋಡ್ತಾ ಇದ್ರೆ ಆಯ್ತಾ?" ಎನ್ನುವರು ಪದ್ಮಕ್ಕ. ನಾನು ಇಬ್ಬರಿಗೂ ಹೌದೆನ್ನುತ್ತಿದ್ದೆ. ಚರಂಡಿಯ ಪಕ್ಕ ನಿಂತವನಿಗೆ ಅದಕ್ಕಿಂತ ಹೆಚ್ಚಿನ ಅಭಿಪ್ರಾಯ ಎಲ್ಲಿಂದ ಬರಬೇಕು.

ವಿಚಿತ್ರವೆಂದರೆ ಮುಂದಿನ ಪಂದ್ಯದಲ್ಲಿ ಅವನು ಆಗಾಗ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ. ಕೆಲವು ತಿಂಗಳು ಕಳೆಯುವುದರೊಳಗೆ ಬಲಗಾಲಿನಿಂದಲೂ ಚೆಂಡು ಕೊಡತೊಡಗಿದ. "ನಾನು ಹೇಳಿದ್ದು ಅವನಿಗೆ ಕೇಳಿಸಿತೇನೋ ನೋಡು," ಎಂದು ಪದ್ಮಕ್ಕ ನಕ್ಕರು. ನಾವೂ ನಕ್ಕೆವು.

ಎರಡು ವರ್ಷ ಹೀಗೆ ನಡೆಯಿತು. ಒಂದು ಸಂಜೆ ಪಂದ್ಯ ಮುಗಿದು ನಾವು ಏಳುವ ಹೊತ್ತಿಗೆ ಆ ಹುಡುಗ ಬೂಟು ಕೈಯಲ್ಲಿ ಹಿಡಿದು ನಮ್ಮ ಕಡೆಗೇ ಬಂದ. ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತ. "ನಂದು ತಾಳವಾಡಿ ಸಾ, ಯೆಸ್ರು ಮಾದೇಶ," ಎಂದ.

ತಾಳವಾಡಿ ನಿಮಗೆ ಗೊತ್ತಿರಬಹುದು. ಚಾಮರಾಜನಗರದಿಂದ ಇತ್ತ ಬಂದರೆ ಮೊದಲು ಸಿಗುವ ತಮಿಳುನಾಡು. ಬೋರ್ಡು ತಮಿಳಿನದು, ಮನೆಯ ಮಾತು ಕನ್ನಡ. ಮಾದೇಶನನ್ನು ಮ್ಯಾಥ್ಯೂ ಮಾಡಿ ಕನ್ಯಾಕುಮಾರಿಗೆ ಕಳಿಸಿದ್ದ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ವರ್ಷ ನಾವು ಆಡಿದ ಒಂದೊಂದು ಮಾತೂ ಅವನ ಕಿವಿಗೆ ಬಿದ್ದಿತ್ತು.

ಆದರೆ ಅವನು ಜಗಳಕ್ಕೆ ಬಂದಿರಲಿಲ್ಲ. ಕ್ಲಬ್ಬಿನವರು ಇನ್ನೊಂದು ವರ್ಷ ರಿಸರ್ವ್ ತಂಡದಲ್ಲೇ ಇರು, ಮುಂದಿನದನ್ನು ಆಮೇಲೆ ನೋಡೋಣ ಎಂದಿದ್ದರು. ಮೈಸೂರಿನಲ್ಲಿ ರೈಲ್ವೆಯವರು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಆಯ್ಕೆ ಆ ವಾರವೇ ಇತ್ತು. ಅದಕ್ಕೆ ಹೋಗಬೇಕಾದರೆ ಕ್ಲಬ್ ಬಿಡಬೇಕು. ಬಿಟ್ಟರೆ ಮೊದಲ ತಂಡದ ಆಸೆ ಅಲ್ಲಿಗೆ ಮುಗಿಯಿತು.

"ನೀವು ವೊಗಳದು ತಮಿಳಲ್ಲಿ, ಬೈಯದು ಕನ್ನಡದಲ್ಲಿ ಅಂತ ಗೊತ್ತು ಸಾ," ಎಂದ ಮಾದೇಶ. "ಕೋಚು ಏನಂದ್ರೂ ನಂಗೆ ಅಷ್ಟಾಗಿ ನಂಬ್ಕೆ ಬರಲ್ಲ. ನೀವು ಕನ್ನಡದಲ್ಲಿ ಅಂದದ್ದ ನಂಬ್ತೀನಿ. ನಿಮ್ಗೆ ನನ್ನಿಂದ ಏನೂ ಆಗ್ಬೇಕಿಲ್ವಲ್ಲ." ಆಮೇಲೆ ಕುಲಕರ್ಣಿಯವರ ಕಡೆಗೇ ತಿರುಗಿ, "ನಾನು ಮ್ಯಾಕ್ ಬತ್ತೀನಾ ತಾತಾ? ನಿಜ ಯೋಳಿ," ಎಂದು ಕೇಳಿದ.

ಕುಲಕರ್ಣಿಯವರು ಬಾಯಿ ತೆರೆದರು, ಮುಚ್ಚಿದರು. ಆ ಸೊಟ್ಟ ಬೆರಳನ್ನು ಇನ್ನೊಂದು ಕೈಯಿಂದ ನೀವಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ನೀ ಕಂಡಿಪ್ಪಾ ಮೇಲೆ ವರುವೆ ತಂಬಿ. ರೊಂಬ ನಲ್ಲಾ ಆಡರೆ."

ಖಂಡಿತ ಬರುತ್ತೀಯ, ತುಂಬ ಚೆನ್ನಾಗಿ ಆಡುತ್ತೀಯ ಎಂದು. ಅದಕ್ಕಿಂತ ಕೆಟ್ಟ ತಮಿಳನ್ನು ನಾನು ಕೇಳಿಲ್ಲ. ಮಾದೇಶ ಅವರ ಮುಖ ನೋಡಿದ. "ಸರಿ ತಾತಾ, ಗೊತ್ತಾಯ್ತು," ಎಂದು ಎದ್ದು ಬೂಟು ಎತ್ತಿಕೊಂಡು ಹೋದ. ಅವನ ಬೆನ್ನನ್ನು ನೋಡಲು ನನ್ನಿಂದಾಗಲಿಲ್ಲ.

ಬಸ್ ಸ್ಟಾಪಿಗೆ ನಡೆದೆವು. ದಾರಿಯಲ್ಲಿ ಪದ್ಮಕ್ಕ, "ಯಾಕ್ರೀ ತಮಿಳಲ್ಲಿ ಹೇಳಿದ್ರಿ? ಹುಡುಗ ಅಷ್ಟು ಕೇಳ್ಕೊಂಡ," ಎಂದರು. "ಆಗಂಗಿಲ್ಲಪ್ಪಾ ಅಂತ ಕನ್ನಡದಾಗ ಹೇಳ್ಬೇಕಂತನ ಬಾಯಿ ತೆಗದೆ ಅಕ್ಕಾರ," ಎಂದರು ಕುಲಕರ್ಣಿ. "ಅಂವಾ ನಮ್ಮ ಭಾಷಾದಾಗ ಕೇಳಿದ್ನಲ್ಲ, ನನ್ನ ಬಾಯಿಂದ ಹೊರಡಲಿಲ್ಲ."

ಮಾದೇಶ ಕ್ಲಬ್ ಬಿಟ್ಟ. ಮೈಸೂರಿನಲ್ಲಿ ಆಯ್ಕೆಯಾದ. ಕುಲಕರ್ಣಿಯವರಿಗೆ ಸಮಾಧಾನವಾಯಿತು, ರೈಲ್ವೆಯ ಕೆಲಸವೆಂದರೆ ಕಡಿಮೆಯೇ ಎಂದು ನಮಗೆ ಎರಡೆರಡು ಸಲ ಹೇಳಿದರು. ಅದೇ ವರ್ಷ ನಡುವಿನಲ್ಲಿ ಮೊದಲ ತಂಡದ ಲೆಫ್ಟ್ ಬ್ಯಾಕ್ ಮಂಡಿಗೆ ಪೆಟ್ಟು ಮಾಡಿಕೊಂಡ. ರಿಸರ್ವ್ ತಂಡದಿಂದ ಒಬ್ಬನನ್ನು ಮೇಲಕ್ಕೆ ತೆಗೆದುಕೊಂಡರು. ಮಾದೇಶ ಇದ್ದಷ್ಟು ದಿನ ಬೆಂಚಿನ ಮೇಲೆ ಕೂತಿರುತ್ತಿದ್ದ ಹುಡುಗ ಅವನು. ನಾವು ಮೂವರೂ ತಾಂಬರಂನಲ್ಲಿ ಕುಲಕರ್ಣಿಯವರ ಮನೆಯ ಟಿವಿಯಲ್ಲಿ ಆ ಪಂದ್ಯ ನೋಡಿದೆವು. ಹುಡುಗ ಸಾಧಾರಣವಾಗಿ ಆಡಿದ, ಆದರೂ ಅವನ ಹೆಸರನ್ನು ಗ್ಯಾಲರಿಯವರು ಕೂಗಿದರು.

ಕುಲಕರ್ಣಿಯವರ ಕೈಯಲ್ಲಿದ್ದ ಕಾಫಿ ಆರಿ ಕೆನೆಗಟ್ಟಿತು. "ಒಂದ್ ವರ್ಷ ಇದ್ದಿದ್ರ ಮಾದೇಶ ಅಲ್ಲಿ ಇರ್ತಿದ್ದ," ಎಂದರು. "ಅಂವಾ ಇವನಕಿಂತ ಛೊಲೊ ಇದ್ದ. ನಾನು ತಪ್ಪು ನೋಡಿದೆ." ಅಷ್ಟು ವರ್ಷಗಳಲ್ಲಿ ಕನ್ನಡದಲ್ಲಿ ಅವರು ಒಬ್ಬ ಹುಡುಗನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬೆಂಚಿನ ಮೇಲಿದ್ದವನು ಆ ವರ್ಷವೆಲ್ಲ ಆಡಿದ. ಕುಲಕರ್ಣಿಯವರು ಮೈದಾನಕ್ಕೆ ಬರುವುದನ್ನು ಬಿಡಲಿಲ್ಲ, ಆದರೆ ಅಭಿಪ್ರಾಯ ಹೇಳುವುದನ್ನು ಬಿಟ್ಟರು. ಇವನು ಬರ್ತಾನಾ ಎಂದು ಕೇಳಿದರೆ, "ಆಡ್ಲಿ ಬಿಡ್ರಿ ಪಾಪ," ಎನ್ನುತ್ತಿದ್ದರು. ಅವರಿಲ್ಲದ ಚರ್ಚೆ ನಮಗೂ ಸಪ್ಪೆಯಾಗಿ, ನಾವೂ ಸುಮ್ಮನೆ ಆಟ ನೋಡತೊಡಗಿದೆವು.

ತಾಂಬರಂನಲ್ಲಿ ಇಳಿದೆ. ನನ್ನೊಡನೆ ಹೊರಟು ಹೆಂಗಸರ ಡಬ್ಬಿಯಲ್ಲಿ ಕೂತಿದ್ದ ಪದ್ಮಕ್ಕ ಮಂಡಿ ಹಿಡಿದುಕೊಂಡು ಇಳಿದರು. ಎದುರಿಗಿದ್ದ ಹುಡುಗರು ಇನ್ನೂ ಜಗಳವಾಡುತ್ತಲೇ ಜನರ ನಡುವೆ ಹೋಗಿಬಿಟ್ಟರು. ಕುಲಕರ್ಣಿಯವರ ಮನೆಯ ಬಾಗಿಲಲ್ಲಿ ಮಾದೇಶ ನಿಂತಿದ್ದ. ಪದ್ಮಕ್ಕನೇ ಅವನಿಗೆ ಫೋನಿನಲ್ಲಿ ಸುದ್ದಿ ಕಳಿಸಿದ್ದರಂತೆ, ಮೈಸೂರಿನ ರೈಲಿನಲ್ಲಿ ಬಂದಿದ್ದ. ಮೈ ತುಂಬಿಕೊಂಡಿದೆ. ಮೈಸೂರಿನಲ್ಲಿ ಟಿಕೆಟ್ ತಪಾಸಣೆಯ ಕೆಲಸ, ರೈಲ್ವೆ ತಂಡದಲ್ಲಿ ಆಟ, ಮದುವೆಯೂ ಆಗಿದೆ. ಚೆನ್ನಾಗಿಯೇ ಇದ್ದಾನೆ.

ಊಟ ಮುಗಿದು ಹೊರಗಿನ ಮೆಟ್ಟಿಲ ಹತ್ತಿರ ನಾವು ಮೂವರು ನಿಂತಿದ್ದಾಗ ಅವನು ಕೇಳಿದ, "ತಾತ ಆಮ್ಯಾಲೆ ನನ್ ಬಗ್ಗೆ ಏನಾರ ಅಂದಿದ್ರಾ?" ಹೇಳಬೇಡಿ ಎಂದು ನಾನು ಪದ್ಮಕ್ಕನಿಗೆ ಕಣ್ಸನ್ನೆ ಮಾಡಿದೆ. ಕೈತಪ್ಪಿದ್ದನ್ನು ಈಗ ತೋರಿಸಿ ಯಾರಿಗೆ ಏನಾಗಬೇಕಿದೆ? ಪದ್ಮಕ್ಕ ನನ್ನ ಕಡೆ ನೋಡಲೇ ಇಲ್ಲ. "ತಪ್ಪು ನೋಡಿದೆ ಅಂದ್ರಪ್ಪಾ. ಒಂದು ವರ್ಷ ಇದ್ದಿದ್ರೆ ನೀನು ಮೇಲೆ ಬರ್ತಿದ್ದೆ ಅಂದ್ರು," ಎಂದರು. ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಾದೇಶ ತಲೆ ತಗ್ಗಿಸಿ ನಿಂತಿದ್ದ.

"ಯಾವ ಬಾಸೇಲಂದ್ರು?" ಎಂದು ಕೇಳಿದ.

ಪದ್ಮಕ್ಕ ಬಾಯಿಂದ ಸೆರಗು ತೆಗೆಯಲಿಲ್ಲ, ನಾನೇ ಹೇಳಬೇಕಾಯಿತು. ತಮಿಳಿನಲ್ಲಿ ಎಂದುಬಿಟ್ಟರೆ ಅವನು ನಕ್ಕು, ಹಗುರಾಗಿ ಊರಿಗೆ ಹೋಗುತ್ತಾನೆ. ಹಾಗೆ ಹೇಳಿಬಿಡಬೇಕೆಂದು ನಾಲಗೆಯ ತುದಿಗೂ ಬಂತು. ಆದರೆ ಈ ಹುಡುಗನಿಗೆ ಇನ್ನೊಮ್ಮೆ ಉಪಚಾರದ ಮಾತು ಹೇಳಲು ನನಗೆ ಮನಸ್ಸಾಗಲಿಲ್ಲ.

"ಕನ್ನಡದಲ್ಲಿ," ಎಂದೆ.

ಬಿಟ್ಟ ಚಪ್ಪಲಿಗಳ ನಡುವೆಯೇ ಅವನು ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ.