ಬಾಗಿಲಿನಿಂದ ಬನ್ನಿ

ಸ್ಪೇನಿನ ಗಲೀಸಿಯಾದ ಒಂದು ಗುಡ್ಡದ ನೆತ್ತಿಯಲ್ಲಿ ಪ್ರಾಚೀನ ಕೆಲ್ಟರ ಊರಿನಿಂದ ಉಳಿದಿರುವುದು ಮೊಣಕಾಲೆತ್ತರದ ದುಂಡು ಗೋಡೆಗಳಷ್ಟೇ. ಕಾವಲುಗಾರ್ತಿ ದೆಲ್ಮಿರಾಳ ಮಟ್ಟಿಗೆ ಮಾತ್ರ ಅವು ಇನ್ನೂ ಮನೆಗಳು. ಮಂಜಿರಲಿ, ಜಡಿಮಳೆಯಿರಲಿ, ಕಪ್ಪು ಕೊಡೆಯೂರಿ ನಿಂತು, ಗೋಡೆ ದಾಟುವವರನ್ನು ಕಳ್ಳರನ್ನು ಹಿಡಿದಂತೆ ಹಿಡಿಯುತ್ತಾಳೆ. "ಬಾಗಿಲು ಆ ಕಡೆ ಇದೆ, ಸುತ್ತಿಕೊಂಡು ಬನ್ನಿ." "ಎಲ್ಲಿದೆ ಅಜ್ಜಿ ಬಾಗಿಲು? ಬರೀ ಸಂದು ಕಾಣ್ತಿದೆ." "ನಿಮ್ಮ ಮನೆಗೆ ನಾನು ಕಿಟಕಿ ಹಾರಿ ಬಂದ್ರೆ ಸುಮ್ಮನಿರ್ತೀರಾ?" ಪಾದ್ರಿಗೂ ವಿನಾಯಿತಿಯಿಲ್ಲ, ಅವಳ ಬೆಕ್ಕು ಕೂಡ ಸುತ್ತಿಕೊಂಡೇ ಬರುತ್ತದೆಂದು ಊರವರು ನಗುತ್ತಾರೆ. ತಾನು ಒಳಹೋಗುವಾಗ, ಇಲ್ಲದ ಬಾಗಿಲತೊಲೆ ತಗುಲೀತೆಂಬಂತೆ ತಲೆ ಬಗ್ಗಿಸುತ್ತಾಳೆ. ಅವಳು ಹುಟ್ಟಿದ ಊರು ಕೆಳಗಿನ ಕಣಿವೆಯಲ್ಲಿ, ಅಣೆಕಟ್ಟಿನ ನೀರಿನಡಿ ಮುಳುಗಿದೆ. ಈ ಬೇಸಿಗೆಯಲ್ಲಿ ನೀರಿಳಿದು ಅದರ ಮೋಟುಗೋಡೆಗಳು ಕೆಸರಿನಿಂದ ಮೇಲೆದ್ದವು. ನೋಡಲು ಜನ ಮುಗಿಬಿದ್ದರು. ದೆಲ್ಮಿರಾ ಹೋದಾಗ, ಅವಳ ತಾಯಿಯ ಅಡುಗೆಮನೆಯಲ್ಲಿ ಯಾರದೋ ಸಂಸಾರ ಬಟ್ಟೆ ಹಾಸಿ, ಮೀನು ತುಂಬಿದ ರೊಟ್ಟಿ ಹಂಚಿಕೊಳ್ಳುತ್ತಿತ್ತು. "ಗೋಡೆ ದಾಟಿ ಬಂದ್ಬಿಡಿ ಅಜ್ಜಿ, ಕೂತ್ಕೊಳ್ಳಿ," ಎಂದರು. ಅವಳು ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತ ಸುತ್ತಿ ಹೋಗಿ, ಕೊಡೆಯ ತುದಿಯಿಂದ ಹೊಸ್ತಿಲ ಕಲ್ಲನ್ನು ತಡಕಿ ಹುಡುಕಿ, ತಲೆ ಬಗ್ಗಿಸಿ, "ಒಳಗೆ ಬರ್ಲಾ?" ಎಂದು ಆ ಅಪರಿಚಿತರನ್ನು ಕೇಳಿದಳು.